ನೆಟ್‌ಲೋಗೊ ಮಾದರಿಗಳು: ತರಗತಿಯಲ್ಲಿ ಹೇಗೆ ಬಳಸುವುದು, ಸಂಶೋಧನೆಗೆ ಎಷ್ಟು ನಂಬುವುದು?

ಹೇಮಾವತಿ ತೀರ

ಹಾಸನ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಈ ಸಲ ಪರಿಸರ ವಿಜ್ಞಾನದ ಪಾಠಕ್ಕೆ ನೆಟ್‌ಲೋಗೊ ಬಳಸೋಣ ಅಂತಿದ್ದೇನೆ. ಹೊಸಬರಿಗಾಗಿ ಎರಡು ಮಾತು: ಇದು ಉರಿ ವಿಲೆನ್ಸ್ಕಿ 1999ರಲ್ಲಿ ರೂಪಿಸಿದ ಉಚಿತ ತಂತ್ರಾಂಶ, ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಬೆಳೆಯುತ್ತಿದೆ. ಪರದೆಯ ಮೇಲೆ ಚೌಕಗಳಿಂದಾದ ಒಂದು ಜಗತ್ತು, ಅದರಲ್ಲಿ ಓಡಾಡುವ ಏಜೆಂಟ್‌ಗಳು. ಒಂದೊಂದು ಏಜೆಂಟಿಗೂ ನಾವು ಕೊಡುವುದು ಅದರ ಪಾಲಿನ ಚಿಕ್ಕ ನಿಯಮ ಮಾತ್ರ: ನಡಿ, ಹುಲ್ಲಿದ್ದರೆ ಮೇಯಿ, ಶಕ್ತಿ ಮುಗಿದರೆ ಸಾಯಿ. ಇಡೀ ಹಿಂಡು ಏನಾಗಬೇಕು ಅಂತ ಎಲ್ಲೂ ಬರೆದಿರುವುದಿಲ್ಲ, ಅದು ತಾನಾಗಿ ಮೂಡುತ್ತದೆ.

ತಂತ್ರಾಂಶದ ಜೊತೆಗೇ ಬರುವ ಮಾದರಿ ಭಂಡಾರದಲ್ಲಿ ತೋಳ-ಕುರಿ ಮಾದರಿ ಇದೆಯಲ್ಲ, ಅದರಿಂದ ಶುರು ಮಾಡುವ ಯೋಚನೆ. ಆದರೆ ಒಂದು ಚಿಂತೆ ಕಾಡುತ್ತಿದೆ. ಮಕ್ಕಳು 'ಸೆಟಪ್' ಒತ್ತುತ್ತಾರೆ, 'ಗೋ' ಒತ್ತುತ್ತಾರೆ, ಗ್ರಾಫ್ ಏರಿಳಿಯುವುದನ್ನು ನೋಡಿ ಖುಷಿಪಡುತ್ತಾರೆ, ಎದ್ದು ಹೋಗುತ್ತಾರೆ. ಬೊಂಬೆಯಾಟ ನೋಡಿದ ಹಾಗೆ. ಅದರಾಚೆಗೆ ಅವರನ್ನು ಒಯ್ಯುವುದು ಹೇಗೆ? ನಮ್ಮ ಲ್ಯಾಬಿನಲ್ಲಿ ಕಂಪ್ಯೂಟರ್‌ಗಳೂ ಕಡಿಮೆ. ಅರ್ಥಶಾಸ್ತ್ರದ ಸಹೋದ್ಯೋಗಿಯೊಬ್ಬರು ವಸತಿ ವಿಂಗಡಣೆಯ ಮಾದರಿಯನ್ನೂ ಬಳಸೋಣ ಎನ್ನುತ್ತಿದ್ದಾರೆ. ಪಾಠದಲ್ಲಿ ಬಳಸಿದವರು, ಸಂಶೋಧನೆಗೆ ಬಳಸಿದವರು ಇಬ್ಬರೂ ಹೇಳಿ.

ಸಾಧನಕೇರಿ

ಮೇಡಂ, 'ಗೋ' ಒತ್ತೂಕಿಂತ ಮೊದಲ ಒಂದು ಕೆಲಸಾ ಮಾಡಿಸ್ರಿ. ಮುಂದ ಏನಾಗ್ತದ ಅಂತ ಹುಡುಗ್ರ ಕಡೆ ಹಾಳ್ಯಾಗ ಬರಸ್ರಿ. ಗ್ರಾಫ್ ಹೆಂಗ ಬರ್ತದ ಅಂತ ಪೆನ್ಸಿಲ್‌ಲೇ ಗೆರಿ ಎಳೀಲಿ. ಆಮ್ಯಾಲೆ ಒತ್ತಲಿ. ತಾವು ಬರದದ್ದಕ್ಕೂ ಪರದೆ ಮ್ಯಾಲೆ ಬಂದದ್ದಕ್ಕೂ ತಾಳೆ ಆಗಲಿಲ್ಲಂದ್ರ ತಾವಾಗೇ ಕೋಡ್ ತೆಗೆದು ಓದ್ತಾರ. ನಾ ಅರ್ಥಶಾಸ್ತ್ರ ಕಲಸಾಂವ, ಪ್ರೋಗ್ರಾಮಿಂಗ್ ನನ್ನ ವಿಷಯ ಅಲ್ಲ. ಆದ್ರೂ ಈ ಭಾಷಾ ಓದಿದ್ರ ತಿಳೀತದ, ಯಾಕಂದ್ರ ಇದರ ಬೇರು ಮಕ್ಕಳಿಗಂತ ಮಾಡಿದ ಲೋಗೊ ಭಾಷಾದಾಗ ಅದ. ಸೈಮರ್ ಪ್ಯಾಪರ್ಟ್ ಮತ್ತ ಅವರ ಸಂಗಡಿಗರು 1967ರಾಗ ಮಾಡಿದ್ದು. ಅವತ್ತಿನ ಆಮೀನ ಇವತ್ತೂ ನೆಟ್‌ಲೋಗೊದಾಗ 'ಟರ್ಟಲ್' ಅಂತ ಉಳದದ.

ತೋಳ-ಕುರಿ ಮಾದರಿಯೊಳಗ ಎರಡು ಬಗಿ ಅವ. ಒಂದರಾಗ ಹುಲ್ಲಿನ ಲೆಕ್ಕಾನ ಇಲ್ಲ, ಕುರಿಗೆ ಹಸಿವಿಲ್ಲ. ಇನ್ನೊಂದರಾಗ ಹುಲ್ಲು ಮೇದ ಮ್ಯಾಲೆ ತಿರುಗಿ ಚಿಗರಾಕ ಸಮಯ ಬೇಕು. ಮೊದಲ ಹುಲ್ಲಿಲ್ಲದ್ದನ್ನ ನಡಸ್ರಿ. ಬಹಳ ಸಲ ಕುರಿ ಪೂರಾ ತೀರಿ ತೋಳನೂ ಸಾಯ್ತಾವ, ಇಲ್ಲಾಂದ್ರ ತೋಳ ಸತ್ತು ಕುರಿ ಮಿತಿಮೀರಿ ಬೆಳೀತಾವ. ಆಮ್ಯಾಲೆ ಹುಲ್ಲು ಸೇರಸ್ರಿ. ಒಂದ ನಿಯಮ ಹೆಚ್ಚಾದ್ರ ಮೂರೂ ಬಾಳೇವು ಮಾಡ್ತಾವ. ಇದು ಯಾಕ ಅಂತ ಒಂದು ತಾಸು ಚರ್ಚಾ ಮಾಡಿಸಿದ್ರ ಸಾಕು, ಅಧ್ಯಾಯ ಮುಗೀತು.

ಸಂಖ್ಯಾಪ್ರಿಯ

ನಾನು ಸ್ವಲ್ಪ ಭಿನ್ನವಾಗಿ ಹೇಳುತ್ತೇನೆ, ಬೇಸರ ಬೇಡ. ಬೇಟೆ-ಬೇಟೆಗಾರ ಸಂಬಂಧಕ್ಕೆ ಲೋಟ್ಕಾ-ವೋಲ್ಟೆರಾ ಸಮೀಕರಣಗಳು 1920ರ ದಶಕದಿಂದ ಇವೆ. ಎರಡೇ ಸಾಲು. ಸಮತೋಲನ ಬಿಂದು ಎಲ್ಲಿದೆ, ಏರಿಳಿತ ಯಾವ ನಿಯತಾಂಕದ (ನಾವು ಕೊಡುವ ಯಾವ ಬೆಲೆಯ) ಮೇಲೆ ನಿಂತಿದೆ, ಎಲ್ಲವನ್ನೂ ಕಾಗದದ ಮೇಲೆ ಸಾಧಿಸಿ ತೋರಿಸಬಹುದು. ಸಾಂಕ್ರಾಮಿಕ ರೋಗಕ್ಕೆ ಕರ್ಮಾಕ್ ಮತ್ತು ಮೆಕೆಂಡ್ರಿಕ್ 1927ರಲ್ಲಿ ಕೊಟ್ಟ ಸಮೀಕರಣಗಳೂ ಹಾಗೆಯೇ. ಬಣ್ಣದ ಚುಕ್ಕೆ ಓಡಾಡುವುದನ್ನು ಕಂಡ ವಿದ್ಯಾರ್ಥಿಗೆ 'ಅರ್ಥವಾಯಿತು' ಅನ್ನಿಸುತ್ತದೆ. ಅದು ಅರ್ಥವಾದದ್ದೋ, ಬರೀ ನೋಡಿದ್ದೋ? ಒಂದು ಗುಂಡಿ ಒತ್ತಿ ಬಂದ ಚಿತ್ರದಿಂದ ಏನನ್ನೂ ಸಾಧಿಸಿದಂತಾಗುವುದಿಲ್ಲ.

ಹೇಮಾವತಿ ತೀರ

@ಸಂಖ್ಯಾಪ್ರಿಯ ಸರ್, ಸಮೀಕರಣ ನಾನೂ ಕಲಿಸುತ್ತೇನೆ, ಬಿಡುವುದಿಲ್ಲ. ಆದರೆ ಅದರಲ್ಲಿ ತೋಳಗಳ ಸಂಖ್ಯೆ 0.3ಕ್ಕೆ ಇಳಿದು ಮತ್ತೆ 40ಕ್ಕೆ ಏರಬಹುದು. ಜೀವಶಾಸ್ತ್ರದವಳಾಗಿ ನನಗೆ ತೊಡಕಾಗುವುದು ಅಲ್ಲೇ. ಕಾಡಿನಲ್ಲಿ 0.3 ತೋಳ ಇರುವುದಿಲ್ಲ. ಒಂದು ಉಳಿದಿದೆ ಅಂದರೆ ಅದು ಗಂಡೋ ಹೆಣ್ಣೋ, ಅದರ ಸುತ್ತ ಕುರಿ ಇದೆಯೋ ಇಲ್ಲವೋ ಅನ್ನುವುದರ ಮೇಲೆ ಆ ಸಂತತಿಯ ಭವಿಷ್ಯ ನಿಂತಿದೆ. ಚಿಕ್ಕ ಸಂತತಿ ಅಳಿಯುವುದು ಸರಾಸರಿಯಿಂದಲ್ಲ, ಆಕಸ್ಮಿಕದಿಂದ. (ತೋಳ-ಕುರಿ ಮಾದರಿಯಲ್ಲಿ ಗಂಡು-ಹೆಣ್ಣು ಬೇರೆ ಬೇರೆ ಇಲ್ಲ ನಿಜ. ಅದನ್ನು ಸೇರಿಸುವುದೇ ಮಕ್ಕಳಿಗೆ ಒಳ್ಳೆಯ ಅಭ್ಯಾಸ.)

ಕಡಲಾಚೆ

ಇಬ್ಬರ ಮಾತಿನಲ್ಲೂ ಹುರುಳಿದೆ. ಪಿಎಚ್‌.ಡಿ.ಗೆ ಇದೇ ಕೆಲಸ ಮಾಡುತ್ತಿರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಸಂಖ್ಯಾಪ್ರಿಯ ಅವರು ಹೇಳಿದ 'ಒಂದು ಗುಂಡಿ ಒತ್ತಿ ಬಂದ ಚಿತ್ರ' ಎಂಬ ಆಕ್ಷೇಪಕ್ಕೆ ಉತ್ತರ ಇದೆ, ಅದರ ಹೆಸರು ಬಿಹೇವಿಯರ್‌ಸ್ಪೇಸ್. ನೆಟ್‌ಲೋಗೊದ ಒಳಗೇ ಇರುವ ಸಾಧನ. ಹುಲ್ಲು ಚಿಗುರುವ ಅವಧಿಯನ್ನು 10ರಿಂದ 50ರವರೆಗೆ ಐದೈದರಂತೆ ಏರಿಸು, ಒಂದೊಂದು ಬೆಲೆಗೂ 100 ಸಲ ನಡೆಸು, ತೋಳ ಅಳಿದರೆ ಅಥವಾ 2000 ಟಿಕ್ (ಮಾದರಿಯ ಕಾಲದ ಹೆಜ್ಜೆ) ದಾಟಿದರೆ ನಿಲ್ಲಿಸು ಅಂತ ಬರೆದುಕೊಟ್ಟರೆ 900 ಓಟಗಳ ಫಲಿತಾಂಶವನ್ನು ಕೋಷ್ಟಕವಾಗಿ ಕೊಡುತ್ತದೆ. ಪರದೆಯ ಚಿತ್ರ ಬಿಡಿಸುವುದನ್ನು ನಿಲ್ಲಿಸಿಟ್ಟರೆ ಬೇಗ ಮುಗಿಯುತ್ತದೆ, ಕಂಪ್ಯೂಟರಿನ ಹಲವು ಕೋರ್‌ಗಳನ್ನು ಒಟ್ಟಿಗೆ ಬಳಸಿಕೊಳ್ಳುತ್ತದೆ. ಆಗ ನೀವು ಹೇಳುವ ಮಾತು 'ತೋಳ ಉಳಿಯಿತು' ಅಂತಿರುವುದಿಲ್ಲ. '100ರಲ್ಲಿ ಇಷ್ಟು ಸಲ ಉಳಿಯಿತು' ಅಂತಿರುತ್ತದೆ. ಒಂದೇ ಓಟದಿಂದ ತೀರ್ಮಾನಕ್ಕೆ ಬಂದ ಲೇಖನವನ್ನು ಯಾವ ಒಳ್ಳೆಯ ಪತ್ರಿಕೆಯೂ ಒಪ್ಪಬಾರದು.

ಇನ್ನೂ ಒಳಗಿನ ಒಂದು ವಿಷಯ. ಏಜೆಂಟ್‌ಗಳಿಗೆ 'ಆಸ್ಕ್' ಅಂತ ಅಪ್ಪಣೆ ಕೊಟ್ಟಾಗ ನೆಟ್‌ಲೋಗೊ ಅವನ್ನು ಪ್ರತಿ ಸಲವೂ ಬೇರೆ ಬೇರೆ ಯಾದೃಚ್ಛಿಕ ಕ್ರಮದಲ್ಲಿ ಕರೆಯುತ್ತದೆ. ಒಬ್ಬೊಬ್ಬರಾಗಿ. ಎಲ್ಲರೂ ಒಂದೇ ಕ್ಷಣಕ್ಕೆ ಹೆಜ್ಜೆ ಇಡಬೇಕಾದರೆ ನಾವೇ ಎರಡು ಹಂತ ಮಾಡಬೇಕು: ಮೊದಲು ಎಲ್ಲರೂ ನಿರ್ಧರಿಸಲಿ, ಆಮೇಲೆ ಎಲ್ಲರೂ ಬದಲಾಗಲಿ. ಇದು ಸಣ್ಣ ವಿಚಾರ ಅನ್ನಿಸಬಹುದು. 1992ರಲ್ಲಿ ನೊವಾಕ್ ಮತ್ತು ಮೇ 'ನೇಚರ್' ಪತ್ರಿಕೆಯಲ್ಲಿ ಒಂದು ಮಾದರಿ ಪ್ರಕಟಿಸಿದರು: ಚೌಕಗಳ ಮೇಲೆ ನಿಂತ ಆಟಗಾರರು ನೆರೆಯವರನ್ನು ನೋಡಿ ಅನುಕರಿಸುತ್ತಾರೆ, ಸಹಕರಿಸುವವರೂ ಮೋಸಗಾರರೂ ಸುಂದರ ವಿನ್ಯಾಸಗಳಲ್ಲಿ ಜೊತೆಯಾಗಿ ಉಳಿಯುತ್ತಾರೆ. ಮರುವರ್ಷ ಹ್ಯೂಬರ್ಮನ್ ಮತ್ತು ಗ್ಲಾನ್ಸ್ ಅದೇ ಮಾದರಿಯಲ್ಲಿ ಆಟಗಾರರನ್ನು ಒಬ್ಬೊಬ್ಬರಾಗಿ ಬದಲಾಯಿಸಿ ನೋಡಿದರು. ಸಹಕಾರ ಉಳಿಯಲೇ ಇಲ್ಲ. ನಿಯಮ ಒಂದೇ, ನೆರೆ ಒಂದೇ, ಕರೆಯುವ ಕ್ರಮ ಮಾತ್ರ ಬೇರೆ. ನಿಯತಾಂಕಗಳನ್ನು ಬದಲಿಸಿದಾಗ ಸಹಕಾರ ಉಳಿಯುವ ಸಂದರ್ಭಗಳೂ ಇವೆ ಎಂದು ಮೇ ಮತ್ತು ಸಂಗಡಿಗರು ಉತ್ತರಿಸಿದರು, ಚರ್ಚೆ ಮುಂದುವರಿಯಿತು. ಆದರೆ ಅಂದಿನಿಂದ ಈ ಕ್ಷೇತ್ರದಲ್ಲಿ 'ನಿಮ್ಮ ಏಜೆಂಟ್‌ಗಳು ಯಾವ ಕ್ರಮದಲ್ಲಿ ಹೆಜ್ಜೆ ಹಾಕುತ್ತಾರೆ?' ಅಂತ ಕೇಳುವುದು ಮೊದಲ ಪ್ರಶ್ನೆಗಳಲ್ಲಿ ಒಂದು.

ಅದಕ್ಕೇ ಮಾದರಿಯನ್ನು ಬರವಣಿಗೆಯಲ್ಲಿ ಪೂರ್ತಿ ವಿವರಿಸುವ ಪದ್ಧತಿ ಬಂತು. ಫೋಲ್ಕರ್ ಗ್ರಿಮ್ ಮತ್ತು ಹಲವರು 2006ರಲ್ಲಿ ಒಡಿಡಿ ಎಂಬ ವಿಧಾನ ಕೊಟ್ಟರು, 2010 ಮತ್ತು 2020ರಲ್ಲಿ ತಿದ್ದಿದರು. ಕೋಡ್ ನೋಡದೆ ಬರೀ ವಿವರಣೆ ಓದಿ ಇನ್ನೊಬ್ಬರು ಅದೇ ಮಾದರಿಯನ್ನು ಮತ್ತೆ ಕಟ್ಟಲು ಸಾಧ್ಯವಾಗಬೇಕು ಎಂಬುದು ಅದರ ಆಶಯ. ಮೇಡಂ, ವಿದ್ಯಾರ್ಥಿ ಪ್ರಾಜೆಕ್ಟಿಗೆ ಇದಕ್ಕಿಂತ ಒಳ್ಳೆಯ ಕೆಲಸ ನನಗೆ ತೋಚುವುದಿಲ್ಲ: ಒಂದು ತಂಡ ವಿವರಣೆ ಬರೆಯಲಿ, ಇನ್ನೊಂದು ತಂಡ ಅದನ್ನು ಓದಿ ಕಟ್ಟಲಿ, ಎರಡರ ಫಲಿತಾಂಶ ಹೊಂದುತ್ತದೆಯೇ ನೋಡಲಿ.

ಸಂಖ್ಯಾಪ್ರಿಯ

900 ಓಟದ ಕೋಷ್ಟಕ ಕೊಟ್ಟರೆ ನನ್ನ ಆಕ್ಷೇಪದಲ್ಲಿ ಅರ್ಧ ಹೋಯಿತು. ಇನ್ನರ್ಧ ಹಾಗೇ ಇದೆ. ನಿಯಮಗಳನ್ನು ನೀವೇ ಆಯ್ದುಕೊಂಡಿರಿ, ಬೇಕಾದ ಫಲಿತಾಂಶ ಬರುವ ತನಕ ನಿಯತಾಂಕಗಳನ್ನು ಬದಲಿಸುವುದೂ ನಿಮ್ಮ ಕೈಯಲ್ಲೇ ಇದೆ. ನಿಜ ಲೋಕಕ್ಕೂ ಅದಕ್ಕೂ ಗಂಟು ಎಲ್ಲಿ?

ಕೋಡ್ ಕೆಲಸ

ತಂತ್ರಾಂಶದ ಬಗ್ಗೆ ಚಿಕ್ಕದಾಗಿ. ನೆಟ್‌ಲೋಗೊ ಒಂದೇ ಅಲ್ಲ. ಪೈಥಾನ್ ಬಲ್ಲವರಿಗೆ ಮೆಸಾ, ಜೂಲಿಯಾದಲ್ಲಿ ಏಜೆಂಟ್ಸ್ ಡಾಟ್ ಜೆಎಲ್, ಜಾವಾದಲ್ಲಿ ಮೇಸನ್ ಮತ್ತು ರೀಪಾಸ್ಟ್, ನಕ್ಷೆ ಆಧಾರಿತ ಕೆಲಸಕ್ಕೆ ಗಾಮಾ, ದುಡ್ಡು ಕೊಟ್ಟು ಕೊಳ್ಳುವುದಾದರೆ ಎನಿಲಾಜಿಕ್. ಲಕ್ಷಾಂತರ ಏಜೆಂಟ್ ಬೇಕಾದಾಗ ನೆಟ್‌ಲೋಗೊ ತಿಣುಕುತ್ತದೆ. ಪಾಠಕ್ಕೆ, ಸಂಶೋಧನೆಯ ಮೊದಲ ಕರಡಿಗೆ ಅದನ್ನು ಮೀರಿಸಿದ್ದು ನಾನು ಕಂಡಿಲ್ಲ. ಮೆಸಾದಲ್ಲಿ ಜಗತ್ತು, ಚಿತ್ರ, ಗ್ರಾಫ್ ಒಂದೊಂದನ್ನೂ ಜೋಡಿಸಬೇಕು, ನೆಟ್‌ಲೋಗೊದಲ್ಲಿ ಅವು ತೆರೆದ ಕೂಡಲೇ ಇರುತ್ತವೆ.

ಕಂಪ್ಯೂಟರ್ ಕಡಿಮೆ ಇವೆ ಅಂದರಲ್ಲ ಮೇಡಂ, ನೆಟ್‌ಲೋಗೊ ವೆಬ್ ಬ್ರೌಸರಿನಲ್ಲೇ ಓಡುತ್ತದೆ, ಮಕ್ಕಳ ಮೊಬೈಲಿನಲ್ಲೂ ನೋಡಬಹುದು. ಮಾದರಿಯನ್ನು ಒಂದು ಎಚ್‌ಟಿಎಂಎಲ್ ಕಡತವಾಗಿ ಇಳಿಸಿಕೊಂಡು ಹಂಚಿದರೆ ನೆಟ್ ಇಲ್ಲದ ಕಡೆಯೂ ತೆರೆಯುತ್ತದೆ. ಬಿಹೇವಿಯರ್‌ಸ್ಪೇಸ್‌ಗೆ ಮಾತ್ರ ಕಂಪ್ಯೂಟರಿನ ಆವೃತ್ತಿ ಹಾಕಿಕೊಳ್ಳಿ.

@ಸಂಖ್ಯಾಪ್ರಿಯ, ನಿಜ ಲೋಕದ ಗಂಟು ಕೇಳಿದಿರಿ. ನಮ್ಮ ಊರಿನದೇ ಉದಾಹರಣೆ ಇದೆ. 2020ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ (ಟಿಐಎಫ್‌ಆರ್) ಸೇರಿ ಬೆಂಗಳೂರು, ಮುಂಬೈ ಎರಡೂ ನಗರಗಳಿಗೆ ಕೋವಿಡ್ ಹರಡುವಿಕೆಯ ಏಜೆಂಟ್ ಆಧಾರಿತ ಮಾದರಿ ಕಟ್ಟಿದವು. ನೆಟ್‌ಲೋಗೊ ಅಲ್ಲ, ತಾವೇ ಬರೆದ ಕೋಡ್, ಯಾಕೆಂದರೆ ಕೋಟಿ ದಾಟುವ ಏಜೆಂಟ್‌ಗಳು. ಒಬ್ಬೊಬ್ಬರಿಗೂ ಮನೆ, ವಯಸ್ಸು, ಶಾಲೆ ಅಥವಾ ಕೆಲಸದ ಜಾಗ, ಸುತ್ತಲ ಸಮುದಾಯ. ಶಾಲೆ ಮುಚ್ಚಿದರೆ ಏನಾಗುತ್ತದೆ, ಕಚೇರಿಗೆ ಇಷ್ಟೇ ಜನ ಹೋದರೆ ಏನಾಗುತ್ತದೆ ಅಂತ ಬೇರೆ ಬೇರೆ ಪರಿಸ್ಥಿತಿಗಳನ್ನು ಹೋಲಿಸುವುದು ಉದ್ದೇಶ. 1927ರ ಸಮೀಕರಣದಲ್ಲಿ ಎಲ್ಲರೂ ಎಲ್ಲರನ್ನೂ ಸಮನಾಗಿ ಭೇಟಿಯಾಗುತ್ತಾರೆ. ಶಾಲೆ ಮುಚ್ಚುವ ಪ್ರಶ್ನೆಯನ್ನು ಅದಕ್ಕೆ ನೇರವಾಗಿ ಹಾಕಲು ಬರುವುದಿಲ್ಲ, ಶಾಲೆ ಎಂಬುದೇ ಅದರಲ್ಲಿ ಇಲ್ಲ.

ಸಾಧನಕೇರಿ

ಮೇಡಂ, ವಸತಿ ವಿಂಗಡಣೆ ಮಾದರಿ ಬಗ್ಗೆ ಕೇಳಿದ್ರಿ. ಅದರ ಬಗ್ಗೆ ಎಚ್ಚರಿಕಿ ಬೇಕು, ಅದಕ್ಕ ಉದ್ದ ಬರೀತೀನಿ.

ಥಾಮಸ್ ಶೆಲ್ಲಿಂಗ್ ಅಮೆರಿಕಾದ ಅರ್ಥಶಾಸ್ತ್ರಜ್ಞ, 2005ರಾಗ ನೊಬೆಲ್ ಬಂತು. 1971ರಾಗ ಈ ಮಾದರಿ ವಿವರವಾಗಿ ಪ್ರಕಟ ಮಾಡಿದ. ಶುರುವಿನಾಗ ಕಂಪ್ಯೂಟರಿಲ್ಲದ, ಚೌಕದ ಹಾಳಿ ಮ್ಯಾಲೆ ನಾಣ್ಯ ಸರಿಸಿ ನೋಡಿದ್ದ. ಎರಡು ಬಣ್ಣದ ಮನಿತನ. 'ನನ್ನ ನೆರೆಹೊರೆಯೊಳಗ ಶೇ 30ರಷ್ಟರ ನನ್ನ ಬಣ್ಣದವರಿದ್ರ ಸಾಕು' ಅಂತ ಪ್ರತಿಯೊಬ್ಬರ ಅಪೇಕ್ಷಾ. ಇದು ದೊಡ್ಡ ದ್ವೇಷ ಏನಲ್ಲ, ತನ್ನವರು ಅಲ್ಪಸಂಖ್ಯಾತರಾಗಿದ್ರೂ ಒಪ್ಪತಾರ. ಆದ್ರ ನಡಿಸಿ ನೋಡಿದ್ರ ಸರಾಸರಿ ಶೇ 70ರ ಮ್ಯಾಲೆ ಒಂದ ಬಣ್ಣದ ಓಣಿಗಳಾಗ್ತಾವ. ಅಪೇಕ್ಷಾ ಶೇ 80ಕ್ಕ ಏರಿಸಿದ್ರ ಮತ್ತ ವಿಚಿತ್ರ, ಯಾರೂ ಎಲ್ಲೂ ನೆಲೆ ನಿಲ್ಲೂದಿಲ್ಲ, ವಿಂಗಡಣೆ ಆಗೂದೂ ಇಲ್ಲ. ಹುಡುಗ್ರ ಊಹೆ ಇಲ್ಲಿ ಹೆಚ್ಚು ತಪ್ಪತಾವ, ಅದಕ್ಕ ಈ ಮಾದರಿ ಪಾಠಕ್ಕ ಛಲೋ.

ಎಚ್ಚರಿಕಿ ಏನಂದ್ರ, ಒಬ್ಬ ಹುಡುಗ ಇದನ್ನ ನೋಡಿ 'ಹಂಗಾರ ಓಣಿ ಬ್ಯಾರೆ ಬ್ಯಾರೆ ಆಗಿದ್ದು ಯಾರ ತಪ್ಪೂ ಅಲ್ಲ' ಅಂತ ತಿಳಕೊಂಡು ಹೋಗಬಾರದು. ಸೌಮ್ಯ ಅಪೇಕ್ಷಾ ಇದ್ರೂ ವಿಂಗಡಣೆ ಆಗಬಹುದು ಅಂತ ಮಾದರಿ ತೋರಸ್ತದ. ನಿಜವಾದ ಊರಾಗ ಹಂಗ ಆತು ಅಂತ ತೋರಸೂದಿಲ್ಲ. ಅಮೆರಿಕಾದಾಗ ಕರಿಯರ ಓಣಿಗೆ ಸಾಲ ಕೊಡಬಾರದಂತ ನಕ್ಷೆ ಮ್ಯಾಲೆ ಗುರುತು ಮಾಡಿದ್ರು, ಅದು ನೀತಿ, ಅಪೇಕ್ಷಾ ಅಲ್ಲ. ನಮ್ಮಲ್ಲಿ ಊರಿನ ಹೊರಗ ಕೇರಿ ಇದ್ದದ್ದು ಯಾರೋ ಶೇ 30 ಬಯಸಿದ್ದಕ್ಕಲ್ಲ. ಮಾದರಿಯೊಳಗ ಎಲ್ಲಾರಿಗೂ ಬೇಕಾದಲ್ಲಿ ಹೋಗೂ ಸ್ವಾತಂತ್ರ್ಯ ಅದ. ಜಾತಿ ಕೇಳಿ ಬಾಡಿಗಿ ಇಲ್ಲ ಅನ್ನೂ ಮಾಲಕ ಅದರಾಗ ಇಲ್ಲ.

ಅದಕ್ಕ ಆ ಮಾಲಕನ್ನ ಸೇರಸ್ರಿ ಅಂತ ಹೇಳತೀನಿ. ಕೋಡ್‌ನಾಗ ನಾಕೈದು ಸಾಲು: ಒಂದು ಬಣ್ಣದವರು ಖಾಲಿ ಮನಿಗೆ ಹೋದಾಗ ಇಂತಿಷ್ಟು ಸಲ ತಿರುಗಿ ಕಳಸು. ಅಪೇಕ್ಷಾ ಸೊನ್ನಿ ಮಾಡ್ರಿ, ನಿರಾಕರಣೆ ಮಾತ್ರ ಇಡ್ರಿ, ಏನಾಗ್ತದ ನೋಡ್ರಿ. ಎರಡೂ ಕಾರಣದ ಚಿತ್ರ ಬಾಜೂ ಬಾಜೂ ಇಟ್ಟು, ಬರೇ ನಕ್ಷೆ ನೋಡಿ ಯಾವ ಕಾರಣ ಅಂತ ಹೇಳಾಕಾಗ್ತದೇನು ಅಂತ ಕೇಳ್ರಿ. ಆಗ ಹುಡುಗ್ರು ಮಾತಾಡಾಕ ಹತ್ತತಾರ, ತಮ್ಮ ಊರಿನ ಬಗ್ಗೆನೂ.

ಹೇಮಾವತಿ ತೀರ

ಸರ್, ಇದನ್ನು ಸಹೋದ್ಯೋಗಿಗೆ ಹಾಗೇ ಓದಿ ಹೇಳುತ್ತೇನೆ. ಮನೆ ಮಾಲೀಕರ ಭಾಗವಿಲ್ಲದೆ ಈ ಪಾಠ ಮಾಡುವುದಿಲ್ಲ.

ಕೋಲಾರ ಕೆರೆ

ತಡವಾಗಿ ಬಂದೆ. ಸಂಖ್ಯಾಪ್ರಿಯ ಅವರ 'ನಿಜ ಲೋಕದ ಗಂಟು' ನನಗೂ ದೊಡ್ಡ ಪ್ರಶ್ನೆ. ಕೆರೆ ನೀರಿನ ಹಂಚಿಕೆಯ ಮೇಲೆ ಕೆಲಸ ಮಾಡುತ್ತಿದ್ದೇನೆ, ಈ ದಾರಿಗೆ ನನ್ನನ್ನು ಎಳೆದದ್ದು ಬಾಲಿ ದ್ವೀಪದ ಕಥೆ.

ಬಾಲಿಯಲ್ಲಿ ಭತ್ತದ ಗದ್ದೆಗಳಿಗೆ ನೀರು ಹಂಚುವುದು ಸುಬಾಕ್ ಎಂಬ ರೈತರ ಕೂಟಗಳು. ಯಾವ ಸುಬಾಕ್ ಯಾವಾಗ ನಾಟಿ ಮಾಡಬೇಕು, ಯಾವಾಗ ಬೀಳು ಬಿಡಬೇಕು ಎಂಬ ತೀರ್ಮಾನ ನೀರಿನ ದೇವಾಲಯಗಳಲ್ಲಿ ಆಗುತ್ತಿತ್ತು. 1970ರ ದಶಕದಲ್ಲಿ ಹಸಿರು ಕ್ರಾಂತಿಯ ಹೊಸ ತಳಿ ಬಂತು, ಆದಷ್ಟು ಸಲ ಬೆಳೆಯಿರಿ ಎಂದು ಸರ್ಕಾರ ಒತ್ತಾಯಿಸಿತು, ದೇವಾಲಯದ ವೇಳಾಪಟ್ಟಿ ಮೂಲೆಗೆ ಬಿತ್ತು. ಕೀಟದ ಹಾವಳಿ ಮಿತಿಮೀರಿತು, ನೀರಿಗೂ ತತ್ವಾರ.

ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಮತ್ತು ಪರಿಸರ ವಿಜ್ಞಾನಿ ಜೇಮ್ಸ್ ಕ್ರೆಮರ್ ಎರಡು ನದಿಗಳ ದಂಡೆಯ 172 ಸುಬಾಕ್‌ಗಳನ್ನು ಮಾದರಿಗೆ ಇಳಿಸಿ 1993ರಲ್ಲಿ ಪ್ರಕಟಿಸಿದರು. ಎಳೆತ ಎರಡು ಕಡೆಯಿಂದ. ಎಲ್ಲರೂ ಒಟ್ಟಿಗೆ ಬೀಳು ಬಿಟ್ಟರೆ ಕೀಟಕ್ಕೆ ತಿನ್ನಲು ಏನೂ ಇಲ್ಲದೆ ಸಾಯುತ್ತದೆ, ಆದರೆ ಎಲ್ಲರೂ ಒಟ್ಟಿಗೆ ನಾಟಿ ಮಾಡಿದರೆ ನೀರು ಸಾಲದು. ಒಬ್ಬೊಬ್ಬರು ಒಂದೊಂದು ಕಾಲಕ್ಕೆ ನಾಟಿ ಮಾಡಿದರೆ ನೀರು ಸಾಕು, ಕೀಟ ಮಾತ್ರ ಗದ್ದೆಯಿಂದ ಗದ್ದೆಗೆ ದಾಟಿಕೊಂಡು ಬದುಕುತ್ತದೆ. ಮಾದರಿಯಲ್ಲಿ ಸುಬಾಕ್‌ಗಳಿಗೆ ಅವರು ಕೊಟ್ಟ ನಿಯಮ ಇಷ್ಟೇ: ನೆರೆಯವರಲ್ಲಿ ಯಾರ ಇಳುವರಿ ಹೆಚ್ಚೋ ಅವರ ವೇಳಾಪಟ್ಟಿಯನ್ನು ಮುಂದಿನ ವರ್ಷ ಅನುಸರಿಸು. ಕೆಲವು ವರ್ಷಗಳಲ್ಲಿ ಸುಬಾಕ್‌ಗಳು ಗುಂಪು ಗುಂಪಾಗಿ ಹೊಂದಿಕೊಂಡವು, ಇಳುವರಿ ಏರಿತು. ಆ ಗುಂಪುಗಳು ನಿಜವಾದ ನೀರಿನ ದೇವಾಲಯಗಳ ವ್ಯಾಪ್ತಿಯನ್ನು ಬಹುಮಟ್ಟಿಗೆ ಹೋಲುತ್ತಿದ್ದವು. ಗಂಟು ಇಲ್ಲಿದೆ ಸರ್. ದೇವಾಲಯದ ವ್ಯಾಪ್ತಿಯನ್ನು ಯಾರೂ ಮಾದರಿಗೆ ತುಂಬಿರಲಿಲ್ಲ.

ಕೋಲಾರದಲ್ಲಿ ನಾನು ಕಟ್ಟಲು ಹೊರಟಿರುವುದು ಇದಕ್ಕಿಂತ ಚಿಕ್ಕದು. ಒಂದು ಕೆರೆ, ತೂಬು, ಕಾಲುವೆ, ಅಚ್ಚುಕಟ್ಟಿನ ಗದ್ದೆಗಳು. ತೂಬು ಎತ್ತಿ ನೀರು ಹಂಚುವ ನೀರುಗಂಟಿ ಒಬ್ಬ ಏಜೆಂಟ್, ರೈತರು ಉಳಿದ ಏಜೆಂಟ್‌ಗಳು. ಕೆರೆ ಅರ್ಧ ತುಂಬಿದ ವರ್ಷ ಎರಡು ನಿಯಮ ಹೋಲಿಸಬೇಕು: ತೂಬಿನ ಹತ್ತಿರದ ಗದ್ದೆಗೆ ಮೊದಲು, ಅಥವಾ ಎಲ್ಲರೂ ತಮ್ಮ ಜಮೀನಿನ ಒಂದು ಪಾಲಿಗೆ ಮಾತ್ರ ನೀರು ಪಡೆಯುವುದು. ಶ್ರೀಲಂಕಾದಲ್ಲಿ ಬೆತ್ಮ ಎಂಬ ಮೂರನೆಯ ಪದ್ಧತಿ ಇದೆ: ಬರದ ವರ್ಷ ಕೆರೆಗೆ ಹತ್ತಿರದ ಜಮೀನನ್ನಷ್ಟೇ ಎಲ್ಲರೂ ಪಾಲು ಮಾಡಿಕೊಂಡು ಉಳುತ್ತಾರೆ. ಅದನ್ನೂ ಸೇರಿಸುತ್ತೇನೆ.

ಇದಕ್ಕೆಲ್ಲ ನಡುವೆ ಕೊಳವೆಬಾವಿ. ಕೊಳವೆಬಾವಿ ಇರುವ ರೈತನಿಗೆ ಕಾಲುವೆ ಹೂಳೆತ್ತಲು ಬರಬೇಕೆಂಬ ಒತ್ತಡ ಕಡಿಮೆ. ಎಷ್ಟು ಜನ ಹಾಗೆ ಹಿಂದೆ ಸರಿದರೆ ಹಂಚಿಕೆಯ ಏರ್ಪಾಡೇ ಕುಸಿಯುತ್ತದೆ? ಮೆಲ್ಲಗೆ ಕುಸಿಯುತ್ತದೋ, ಒಂದು ಮಿತಿ ದಾಟಿದಾಗ ಒಮ್ಮೆಲೇ ಕುಸಿಯುತ್ತದೋ? ನನ್ನ ಇಡೀ ಕೆಲಸ ಈ ಪ್ರಶ್ನೆಗೆ.

ಕಡಲಾಚೆ

ಒಳ್ಳೆಯ ಪ್ರಶ್ನೆ. 'ಒಂದು ಮಿತಿ' ಅನ್ನುವುದನ್ನು ತರಗತಿಯಲ್ಲಿ ತೋರಿಸಲು ಭಂಡಾರದ ಕಾಡ್ಗಿಚ್ಚಿನ ಮಾದರಿ ಇದೆ ಮೇಡಂ. ಬೆಂಕಿ ಒಂದು ಮರದಿಂದ ನಾಲ್ಕು ದಿಕ್ಕಿನ ಪಕ್ಕದ ಮರಕ್ಕಷ್ಟೇ ಹಬ್ಬುತ್ತದೆ. ಮರಗಳ ದಟ್ಟಣೆ ಶೇ 55 ಇದ್ದಾಗ ಬೆಂಕಿ ಬೇಗ ಆರುತ್ತದೆ, 62 ಇದ್ದಾಗ ಆಚೆ ದಡ ಮುಟ್ಟುತ್ತದೆ. ತಿರುವು ಸುಮಾರು 59ರಲ್ಲಿ. ಸಂಖ್ಯಾಪ್ರಿಯ ಅವರಿಗೆ ಇಷ್ಟವಾಗಬಹುದಾದ ಮಾತು: ಈ ಮಿತಿ, 0.5927, ಗಣಿತದವರೂ ಕಂಪ್ಯೂಟರ್ ಓಡಿಸಿಯೇ ಅಂದಾಜಿಸಿದ್ದು, ಅದಕ್ಕೆ ನಿಖರ ಸೂತ್ರ ಇನ್ನೂ ಸಿಕ್ಕಿಲ್ಲ.

ಕೋಲಾರದವರಿಗೆ ಎರಡು ಸೂಚನೆ. ನೆಟ್‌ಲೋಗೊ ಜಗತ್ತಿನ ಅಂಚುಗಳು ಸಾಮಾನ್ಯವಾಗಿ ಒಂದಕ್ಕೊಂದು ಕೂಡಿರುತ್ತವೆ, ಬಲಕ್ಕೆ ಹೊರಬಿದ್ದದ್ದು ಎಡದಿಂದ ಒಳಬರುತ್ತದೆ. ಕಾಲುವೆಯ ಮಾದರಿಗೆ ಅದನ್ನು ಮೊದಲೇ ತೆಗೆಯಿರಿ, ಇಲ್ಲವಾದರೆ ಕೊನೆಯ ಗದ್ದೆಯ ನೀರು ಮತ್ತೆ ತೂಬಿನ ಪಕ್ಕ ಬಂದು ಬೀಳುತ್ತದೆ. ಜಿಐಎಸ್ (ಕಂಪ್ಯೂಟರ್ ಭೂನಕ್ಷೆ) ವಿಸ್ತರಣೆ ಇದೆ, ಅಚ್ಚುಕಟ್ಟಿನ ನಿಜ ನಕ್ಷೆಯನ್ನೇ ಹಾಕಬಹುದು. ಎರಡನೆಯದು, ಫಲಿತಾಂಶವನ್ನು ಒಂದೇ ಅಳತೆಗೋಲಿಗೆ ಹೊಂದಿಸಬೇಡಿ. ಒಟ್ಟು ಇಳುವರಿ ಸರಿಹೊಂದುವಂತೆ ಮಾಡುವುದು ಸುಲಭ. ಯಾವ ಗದ್ದೆಗಳು ಬೀಳು ಬಿದ್ದವು, ಕೊಳವೆಬಾವಿಗಳು ಮೇಲುಗದ್ದೆಯಲ್ಲಿ ಮೊದಲು ಬಂದವೋ ಕೊನೆಯಲ್ಲೋ, ಕಾಲುವೆ ಯಾವಾಗ ಹೂಳಿತು, ಇವೆಲ್ಲ ಒಟ್ಟಿಗೆ ಸರಿಬಂದರೆ ಆಗ ನಿಯಮಗಳ ಮೇಲೆ ಸ್ವಲ್ಪ ಭರವಸೆ ಇಡಬಹುದು.

ಸಂಖ್ಯಾಪ್ರಿಯ

ಬಾಲಿಯ ಉದಾಹರಣೆ ನನ್ನ ಅಭಿಪ್ರಾಯವನ್ನು ಬದಲಿಸಿದೆ ಎಂದೇ ಹೇಳಬೇಕು. ಮಾದರಿಗೆ ತುಂಬದ ಸಂಗತಿ ಹೊರಬಂದು ಹೊರಗಿನ ಸಾಕ್ಷ್ಯಕ್ಕೆ ಹೊಂದಿದರೆ ಅದಕ್ಕೆ ತೂಕ ಇದೆ. ಕೋಲಾರದವರೇ, ನಿಮ್ಮ ಕೆರೆಗೆ ಒಳಹರಿವು ಬರೀ ಮಳೆಯೇ? 2018ರಿಂದ ಬೆಂಗಳೂರಿನ ಕೆ.ಸಿ. ವ್ಯಾಲಿಯ ಸಂಸ್ಕರಿಸಿದ ಕೊಳಚೆ ನೀರು ಜಿಲ್ಲೆಯ ಕೆರೆಗಳಿಗೆ ಬರುತ್ತಿದೆಯಲ್ಲ.

ಹೇಮಾವತಿ ತೀರ

ನನ್ನ ಯೋಜನೆ ರೂಪಕ್ಕೆ ಬಂತು. ಮೊದಲ ವಾರ ಊಹೆ ಬರೆಸಿ ತೋಳ-ಕುರಿ, ಹುಲ್ಲಿಲ್ಲದೆ ಮತ್ತು ಹುಲ್ಲಿನೊಂದಿಗೆ. ಆಮೇಲೆ ಒಂಬತ್ತು ತಂಡ, ಒಂದೊಂದಕ್ಕೂ ಹುಲ್ಲು ಚಿಗುರುವ ಅವಧಿಯ ಒಂದೊಂದು ಬೆಲೆ, ಎಲ್ಲರ ಕೋಷ್ಟಕ ಕೂಡಿಸಿ ಒಂದೇ ಗ್ರಾಫ್. ಅದರ ಪಕ್ಕದಲ್ಲೇ ಲೋಟ್ಕಾ-ವೋಲ್ಟೆರಾ. ಕೊನೆಗೆ ಕಡಲಾಚೆ ಅವರು ಹೇಳಿದ ಎರಡು ತಂಡದ ಪ್ರಾಜೆಕ್ಟ್. ಮಾದರಿ ಕಡತಗಳನ್ನು ಕನ್ನಡ ಟಿಪ್ಪಣಿಯೊಂದಿಗೆ ಇಲ್ಲೇ ಹಾಕುತ್ತೇನೆ.

ಕೋಲಾರ ಕೆರೆ

@ಸಂಖ್ಯಾಪ್ರಿಯ ಸರ್, ಸರಿಯಾದ ಜಾಗಕ್ಕೆ ಕೈ ಹಾಕಿದಿರಿ. ಆ ನೀರು ಅಂತರ್ಜಲ ತುಂಬಲಿಕ್ಕೆ, ತೂಬಿನಿಂದ ನೇರ ಗದ್ದೆಗೆ ಬಿಡಲಿಕ್ಕಲ್ಲ. ಹಾಗಾಗಿ ಆ ನೀರು ಬರುವ ಕೆರೆಗಳಲ್ಲಿ ನೀರುಗಂಟಿಯ ಕೆಲಸಕ್ಕಿಂತ ಕೊಳವೆಬಾವಿಯ ಬಲ ಹೆಚ್ಚುತ್ತದೆ. ಎರಡು ಮಾದರಿ ಬೇರೆ ಬೇರೆ ಮಾಡುತ್ತೇನೆ: ಮಳೆಯನ್ನೇ ನಂಬಿದ ಕೆರೆ ಒಂದು, ಹೊರಗಿನ ನೀರು ಬರುವ ಕೆರೆ ಇನ್ನೊಂದು.

ಇಲ್ಲಿರುವ ಎಲ್ಲರಲ್ಲಿ ಒಂದು ಕೋರಿಕೆ. ನಿಮ್ಮ ಊರಿನಲ್ಲಿ ನೀರುಗಂಟಿ ಇದ್ದರೆ, ಅಥವಾ ಆ ಕೆಲಸ ಮಾಡಿದ ಹಿರಿಯರಿದ್ದರೆ, ಇಷ್ಟು ಕೇಳಿ ಬರೆಯಿರಿ. ನೀರು ಕಡಿಮೆ ಇದ್ದ ವರ್ಷ ಯಾವ ಗದ್ದೆಗೆ ಮೊದಲು ಬಿಡುತ್ತಿದ್ದರು? ತೀರ್ಮಾನ ಒಬ್ಬರದೋ, ಊರ ಸಭೆಯದೋ? ಕಾಲುವೆ ಕೆಲಸಕ್ಕೆ ಬಾರದವರ ಗದ್ದೆಗೆ ನೀರು ನಿಲ್ಲಿಸುತ್ತಿದ್ದರೋ? ನೀರುಗಂಟಿಗೆ ಕೂಲಿ ಕಾಳಿನ ರೂಪದಲ್ಲೋ, ಜಮೀನಿನ ರೂಪದಲ್ಲೋ? ಊರು, ಕೆರೆಯ ಹೆಸರು ಬರೆದರೆ ಸಾಕು, ವ್ಯಕ್ತಿಗಳ ಹೆಸರು ಬೇಡ.